ಐದು ತಾಲ್ಲೂಕುಗಳ ಛಾಯಾಗ್ರಹಣ: ಬೆಳಕು, ತಂತ್ರ, ಸಂಸ್ಕರಣೆ

ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟು ಉಳಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಛಾಯಾಗ್ರಾಹಕರ ಪಾಲಿಗೆ ಒಂದೇ ಬಿಸಿಲಿನ ಸೀಮೆ. ಬಯಲು, ಬಂಡೆಗುಡ್ಡ, ಶೇಂಗಾ ಮತ್ತು ಜೋಳದ ಹೊಲ, ಪಶ್ಚಿಮದ ಅಂಚಿಗೆ ತುಂಗಭದ್ರೆ. ಹಂಪಿಗೆ ಕ್ಯಾಮೆರಾ ಹೊತ್ತು ಬರುವವರಲ್ಲಿ ಬಹುಪಾಲು ಮಂದಿ ಅಲ್ಲಿಂದಲೇ ಮರಳುತ್ತಾರೆ. ಆದರೆ ಅಂಕಸಮುದ್ರದ ಹಕ್ಕಿಗಳು, ಮೈಲಾರದ ಕಾರಣಿಕ, ಕೊಟ್ಟೂರಿನ ತೇರು, ಬಾಗಳಿ ಮತ್ತು ಕುರುವತ್ತಿಯ ಚಾಲುಕ್ಯ ಗುಡಿಗಳು, ಗುಡೇಕೋಟೆಯ ಕರಡಿಗಳು ಇರುವುದು ಈ ಐದು ತಾಲ್ಲೂಕುಗಳ ಆಸುಪಾಸಿನಲ್ಲಿ. ಛಾಯಾಗ್ರಹಣದ ಮುಖ್ಯ ಕಷ್ಟಗಳೆಲ್ಲ ಇಲ್ಲಿ ಹತ್ತಿರ ಹತ್ತಿರದಲ್ಲೇ ಎದುರಾಗುತ್ತವೆ: ಅಚ್ಚ ಬಿಳಿ, ಅಚ್ಚ ಕಪ್ಪು, ಉರಿಯುವ ಹಳದಿ, ಗುಡಿಯೊಳಗಿನ ಕತ್ತಲು, ಚಲಿಸುವ ಜನಸಾಗರ. ಒಳ್ಳೆಯ ಚಿತ್ರಕ್ಕೆ ಇಲ್ಲಿ ಬೇಕಾದದ್ದು ದುಬಾರಿ ಕ್ಯಾಮೆರಾಗಿಂತ ಮೊದಲು ಈ ಬಿಸಿಲಿನ ಲೆಕ್ಕ. ಕಂಪ್ಯೂಟರಿನ ಮುಂದೆ ಮಾಡುವ ಸಂಸ್ಕರಣೆಯೂ ಆ ಲೆಕ್ಕದ ಮುಂದುವರಿಕೆಯೇ.

ಹಿನ್ನೆಲೆ

ಈ ಭಾಗಕ್ಕೆ ಕ್ಯಾಮೆರಾ ಬಂದದ್ದು ಬಹಳ ಮುಂಚೆ. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಹೊತ್ತಿಗೆ ಹಂಪಿಯ ಅವಶೇಷಗಳನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಿಡಿದ. ಅದೇ ದಶಕದಲ್ಲಿ ಬಿಗ್ಸ್, ಪಿಗೌ, ನೀಲ್ ಎಂಬ ಮೂವರು ಧಾರವಾಡ ಮತ್ತು ಮೈಸೂರು ಸೀಮೆಗಳ ಗುಡಿಗಳನ್ನು ಚಿತ್ರೀಕರಿಸಿದರು. ಇವರಲ್ಲಿ ಪಿಗೌ ಮತ್ತು ನೀಲ್ ವೃತ್ತಿಯಿಂದ ವೈದ್ಯರು. ಮೂವರ ಚಿತ್ರಗಳೂ ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’ ಎಂಬ ಗ್ರಂಥವಾಗಿ 1866ರಲ್ಲಿ ಅಚ್ಚಾದವು. ಆಗ ಈ ಸೀಮೆ ಸೇರಿದ್ದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ 1896ರಲ್ಲಿ ಹೊರತಂದ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಸಂಪುಟ ಬಾಗಳಿ, ಕುರುವತ್ತಿ, ಮಾಗಳ, ಹಿರೇಹಡಗಲಿಗಳ ಗುಡಿಗಳನ್ನು ಅಳತೆ ಸಮೇತ ದಾಖಲಿಸಿತು.

ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಕೊಡಬೇಕಿತ್ತು. ಆದ್ದರಿಂದ ಅಂದಿನ ಚಿತ್ರಗಳಲ್ಲಿ ಓಡಾಡುವ ಜನ ಕಾಣುವುದಿಲ್ಲ, ಕಲ್ಲು ಮಾತ್ರ ಕಾಣುತ್ತದೆ. ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಮತ್ತೆ ಚಿತ್ರ ತೆಗೆದರು. ನೂರಿಪ್ಪತ್ತೇಳು ವರ್ಷದ ಅಂತರದ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಯಾವ ಕಂಬ ಬಿತ್ತು, ಯಾವ ಗೋಡೆ ಉಳಿಯಿತು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇದೇ ಕೆಲಸವನ್ನು ಹೂವಿನಹಡಗಲಿ ಮತ್ತು ಹರಪನಹಳ್ಳಿಯ ಗುಡಿಗಳಲ್ಲಿ ಇಂದಿಗೂ ಯಾರು ಬೇಕಾದರೂ ಮಾಡಬಹುದು. ಇದರ ತಂತ್ರ ಸರಳ. ಹಳೆಯ ಚಿತ್ರದಲ್ಲಿ ಹತ್ತಿರದ ಒಂದು ಅಂಚು ದೂರದ ಯಾವ ಅಂಚಿನ ಮೇಲೆ ಬಂದು ಕೂತಿದೆ ಎಂದು ನೋಡಿಕೊಂಡು, ಅವೆರಡೂ ಹಾಗೇ ಕೂಡುವವರೆಗೆ ಎಡಕ್ಕೆ ಬಲಕ್ಕೆ, ಮುಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗಬೇಕು. ಹತ್ತಿರದ್ದೂ ದೂರದ್ದೂ ಹೇಗೆ ಕೂಡಿ ಕಾಣುತ್ತವೆ ಎಂಬುದನ್ನು ನಿರ್ಧರಿಸುವುದು ನಿಂತ ಜಾಗವೇ ಹೊರತು ಲೆನ್ಸ್ ಅಲ್ಲ. ಲೆನ್ಸ್ ಆ ನೋಟವನ್ನು ಎಷ್ಟು ಕತ್ತರಿಸಬೇಕೆಂದು ಮಾತ್ರ ಹೇಳುತ್ತದೆ. ಜೂಮ್ ತಿರುಗಿಸುವ ಮೊದಲು ಎರಡು ಹೆಜ್ಜೆ ನಡೆಯಿರಿ ಎಂದು ಹಿರಿಯ ಛಾಯಾಗ್ರಾಹಕರು ಹೊಸಬರಿಗೆ ಹೇಳುವುದು ಇದಕ್ಕಾಗಿಯೇ.

ಕೂಡ್ಲಿಗಿಯ ನೆರೆಯ ಸಂಡೂರು ಎಂ.ವೈ. ಘೋರ್ಪಡೆ (1931–2011) ಅವರ ಊರು. ರಾಜಮನೆತನದವರು, ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದವರು. ಕಪ್ಪು ಬಿಳುಪಿನಲ್ಲಿ ಅವರು ತೆಗೆದ ಕಾಡುಪ್ರಾಣಿಗಳ ಚಿತ್ರಗಳು ದೇಶದಾಚೆಗೂ ಹೆಸರಾದವು. 1983ರಲ್ಲಿ ಬಂದ ಅವರ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ (1932–2017) ಅವರೊಂದಿಗೆ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಅಡಿಪಾಯ ಹಾಕಿದ ತಲೆಮಾರು ಅದು. ಫಿಲ್ಮಿನ ಸುರುಳಿಯೊಂದರಲ್ಲಿ 36 ಚಿತ್ರ ಮಾತ್ರ ಸಿಗುತ್ತಿದ್ದ ಆ ಕಾಲದಲ್ಲಿ ಬೆಳಕು ಕೂಡಿಬರುವ ತನಕ ಕಾಯುವುದೇ ಕಲಿಕೆಯಾಗಿತ್ತು.

ಬಿಸಿಲಿನ ಲೆಕ್ಕ

ಐದೂ ಪಟ್ಟಣಗಳು ಉತ್ತರ ಅಕ್ಷಾಂಶ 15 ಡಿಗ್ರಿಯ ಆಸುಪಾಸಿನಲ್ಲಿವೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮುಗಿದು ಮೇ ಹುಟ್ಟುವ ದಿನಗಳಲ್ಲೂ ಆಗಸ್ಟಿನ ಎರಡನೇ ವಾರದಲ್ಲೂ, ನಡು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಕೂಡ ಮಧ್ಯಾಹ್ನ ಆತ ಸುಮಾರು 52 ಡಿಗ್ರಿ ಎತ್ತರದಲ್ಲಿರುತ್ತಾನೆ. ನೆತ್ತಿಯ ಬಿಸಿಲಿನಲ್ಲಿ ಮುಖದ ಚಿತ್ರ ತೆಗೆದರೆ ಕಣ್ಣುಗಳು ಹುಬ್ಬಿನ ನೆರಳಿನ ಹಳ್ಳಕ್ಕೆ ಬೀಳುತ್ತವೆ. ರುಮಾಲು ಸುತ್ತಿದ ರೈತನ ಅರ್ಧ ಮುಖವೇ ಕಪ್ಪಾಗುತ್ತದೆ. ಆ ಹೊತ್ತಿನಲ್ಲಿ ಅವರನ್ನು ಜಗುಲಿಗೋ ಬೇವಿನ ನೆರಳಿಗೋ ಕರೆದು, ಮುಖ ಬಯಲಿನ ಕಡೆಗಿರುವಂತೆ ನಿಲ್ಲಿಸಬೇಕು. ಎದುರಿನ ಬಿಸಿಲುಬಿದ್ದ ನೆಲವೇ ಬೆಳಕನ್ನು ಮೇಲಕ್ಕೆ ಚೆಲ್ಲುತ್ತದೆ. ಸ್ಟುಡಿಯೋದ ರಿಫ್ಲೆಕ್ಟರ್ ಮಾಡುವ ಕೆಲಸವನ್ನು ಇಲ್ಲಿನ ಕೆಂಪು ಮಣ್ಣು ಪುಕ್ಕಟೆಯಾಗಿ ಮಾಡಿಕೊಡುತ್ತದೆ. ಆ ಬೆಳಕಿನಲ್ಲಿ ಸ್ವಲ್ಪ ಕೆಂಪು ಬೆರೆತಿರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಇಳಿಬಿಸಿಲು ಇಲ್ಲಿ ಬೇಗ ಮುಗಿಯುತ್ತದೆ. ಯುರೋಪಿನಲ್ಲಿ ಬರೆದ ಪುಸ್ತಕಗಳು ಸೂರ್ಯಾಸ್ತದ ಹೊಂಬೆಳಕು ಒಂದು ತಾಸು ಇರುತ್ತದೆ ಎನ್ನುತ್ತವೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಕೊನೆಯ 6 ಡಿಗ್ರಿ ದಾಟಲು ಅವನಿಗೆ 25 ನಿಮಿಷ ಸಾಕು. ಚೌಕಟ್ಟು, ಲೆನ್ಸ್, ನಿಲ್ಲುವ ಜಾಗ ಎಲ್ಲವೂ ಅದಕ್ಕೆ ಮುಂಚೆಯೇ ಗೊತ್ತಾಗಿರಬೇಕು.

ಪೂರ್ಣ ಬಿಸಿಲಿಗೆ ಹಳೆಯ ಫಿಲ್ಮ್ ಕಾಲದ ಒಂದು ಸೂತ್ರ ಈಗಲೂ ಸರಿಹೋಗುತ್ತದೆ: ಅಪರ್ಚರ್ ಎಫ್/16 ಇಟ್ಟರೆ ಶಟರ್ ವೇಗ ಐಎಸ್‌ಒ ಸಂಖ್ಯೆಯಷ್ಟನೇ ಒಂದು ಭಾಗ. ಐಎಸ್‌ಒ 100 ಆದರೆ 1/100 ಸೆಕೆಂಡು. ಅಪರ್ಚರನ್ನು ಎಫ್/8ಕ್ಕೆ ತೆರೆದರೆ ಬೆಳಕು ನಾಲ್ಕು ಪಟ್ಟಾಗುವುದರಿಂದ 1/400. ಕ್ಯಾಮೆರಾ ಏನೇ ತೋರಿಸಲಿ, ಕೂಡ್ಲಿಗಿಯ ಬಯಲಿನಲ್ಲಿ ಮೋಡವಿಲ್ಲದ ಹಗಲಿನ ಉತ್ತರ ಇದರ ಹತ್ತಿರದಲ್ಲೇ ಇರುತ್ತದೆ. ಈ ಸೂತ್ರ ಬಾಯಿಗೆ ಬಂದವರಿಗೆ ಮೀಟರು ಎಲ್ಲಿ ತಪ್ಪುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಮೀಟರು ತಪ್ಪುವುದು ಏಕೆಂದರೆ ಅದಕ್ಕೆ ಕಾಣುವ ಎಲ್ಲವನ್ನೂ ಅದು ನಡುಬೂದು ಬಣ್ಣವೆಂದೇ ಎಣಿಸುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಂಬಳಿ ಇದ್ದರೆ ಅದನ್ನು ಬೂದಿಯಾಗಿಸಲು ಬೆಳಕು ಹೆಚ್ಚಿಸುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಕೊಳೆಯಾಗಿಸುತ್ತದೆ. ಇದನ್ನು ತಿದ್ದಲು ಪ್ರತಿ ಕ್ಯಾಮೆರಾದಲ್ಲೂ ಹೆಚ್ಚು–ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಶನ್ ಗುಂಡಿ ಇರುತ್ತದೆ. ಮೊಬೈಲಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದು, ಕಾಣಿಸುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಅದೇ ಕೆಲಸ ಆಗುತ್ತದೆ.

ಮೈಲಾರ: ಕಪ್ಪು ಮತ್ತು ಹಳದಿ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಡೆಂಕಣ ಮರಡಿ ಎಂಬ ದಿಬ್ಬದಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ಸಾಲಿನ ಭವಿಷ್ಯವಾಣಿಯಾದ ಕಾರಣಿಕ ನುಡಿದು ಆತ ಮೇಲಿನಿಂದ ಬಿಟ್ಟುಕೊಳ್ಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಛಾಯಾಗ್ರಾಹಕನಿಗೆ ಸಿಗುವುದು ಕೆಲವೇ ಸೆಕೆಂಡು, ಅದೂ ಸಂಜೆಯ ಇಳಿಬೆಳಕಿನಲ್ಲಿ. ಆ ಗಳಿಗೆಗೆ ಸೆಟ್ಟಿಂಗು ಹುಡುಕುತ್ತ ಕೂರಲಾಗದು. ಮರಡಿಯ ಮೇಲಿನ ಬೆಳಕನ್ನು ಮೊದಲೇ ಅಳೆದು ಮ್ಯಾನ್ಯುವಲ್ ವಿಧಾನದಲ್ಲಿ ಕಟ್ಟಿಟ್ಟುಕೊಳ್ಳಬೇಕು. ಆಕಾಶದ ಎದುರು ನಿಂತ ಗೊರವಯ್ಯನನ್ನು ಕ್ಯಾಮೆರಾದ ಪಾಡಿಗೆ ಬಿಟ್ಟರೆ ಆಕಾಶದ ಹೊಳಪಿಗೆ ಹೆದರಿ ಅದು ಆತನನ್ನು ನೆರಳಾಗಿಸಿಬಿಡುತ್ತದೆ. ಬೀಳುವ ದೇಹ ಅಲುಗಾಡದೆ ನಿಲ್ಲಲು 1/1000ಕ್ಕೆ ಕಡಿಮೆಯಿಲ್ಲದ ವೇಗ ಬೇಕು. ಅದಕ್ಕಾಗಿ ಐಎಸ್‌ಒ 1600 ಅಥವಾ 3200ಕ್ಕೆ ಏರಿಸಲು ಅಂಜಬಾರದು. ಕಾಳುಕಾಳಾದ ಚಿತ್ರವನ್ನು ಆಮೇಲೆ ಸುಧಾರಿಸಬಹುದು, ಅಲುಗಿದ ಚಿತ್ರವನ್ನಲ್ಲ.

ಜಾತ್ರೆಯ ತುಂಬ ಓಡಾಡುವ ಗೊರವರು ಕರಿಕಂಬಳಿ, ಕರಡಿ ಕೂದಲಿನ ಟೋಪಿ, ಡಮರುಗ, ಭಂಡಾರದ ಚೀಲ ಧರಿಸಿರುತ್ತಾರೆ. ಕಂಬಳಿಯೇ ಚೌಕಟ್ಟನ್ನು ತುಂಬಿದಾಗ ಒಂದು ಸ್ಟಾಪಿನಷ್ಟು, ಎಂದರೆ ಅರ್ಧದಷ್ಟು, ಬೆಳಕು ಕಡಿಮೆ ಮಾಡಿದರೆ ಕಪ್ಪು ಕಪ್ಪಾಗಿಯೇ ಉಳಿದು, ಮುಖದ ಬಣ್ಣವೂ ಸರಿಯಾಗಿ ಬರುತ್ತದೆ. ಉಣ್ಣೆಯ ನೇಯ್ಗೆ ಕಾಣಬೇಕೆಂದರೆ ಬೆಳಕು ಪಕ್ಕದಿಂದ ಬೀಳುವಂತೆ ನಿಲ್ಲಬೇಕು.

ಇದಕ್ಕಿಂತ ಕಷ್ಟದ್ದು ಭಂಡಾರ. ಈ ಅರಿಶಿನದ ಪುಡಿಯನ್ನು ಗಾಳಿಯಲ್ಲಿ ಎರಚುವ ಚಿತ್ರಗಳು ಪ್ರತಿವರ್ಷ ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ತುಂಬಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ರೀತಿ ಕೆಟ್ಟಿರುತ್ತವೆ: ಹಳದಿ ಇದ್ದ ಕಡೆ ಮಡಿಕೆ, ಕಣ, ನೆರಳು ಏನೂ ಇಲ್ಲದೆ ಬಣ್ಣ ಬಳಿದ ಗೋಡೆಯಂತೆ ಸಪಾಟಾಗಿರುತ್ತದೆ. ಕಾರಣ ಕ್ಯಾಮೆರಾ ಬಣ್ಣ ಹಿಡಿಯುವ ಬಗೆಯಲ್ಲಿದೆ. ಅದು ಕೆಂಪು, ಹಸಿರು, ನೀಲಿ ಎಂಬ ಮೂರು ಪಾಲುಗಳಲ್ಲಿ ಬೆಳಕನ್ನು ದಾಖಲಿಸುತ್ತದೆ. ಗಾಢ ಹಳದಿಯಲ್ಲಿ ಕೆಂಪು ಬಹಳ, ಹಸಿರು ಸಾಕಷ್ಟು, ನೀಲಿ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನಲ್ಲಿ ಕೆಂಪಿನ ಪಾಲು ತನ್ನ ಮಿತಿ ಮುಟ್ಟಿ ನಿಂತುಬಿಡುತ್ತದೆ, ಅಲ್ಲಿಂದಾಚೆಗೆ ವಿವರ ದಾಖಲಾಗುವುದಿಲ್ಲ. ಮೂರನ್ನೂ ಸರಾಸರಿ ಮಾಡಿ ತೋರಿಸುವ ಬಿಳಿಯ ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ. ಆದ್ದರಿಂದ ಮೈಲಾರದಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮನ್ನು ಬೇರೆಬೇರೆಯಾಗಿ ನೋಡಬೇಕು. ಕೆಂಪಿನ ರೇಖೆ ಬಲ ಅಂಚಿಗೆ ಒತ್ತಿಕೊಂಡಿದ್ದರೆ ಮುಕ್ಕಾಲಿನಿಂದ ಒಂದು ಸ್ಟಾಪ್ ಬೆಳಕು ಇಳಿಸಬೇಕು. ಪುಡಿಯ ಮೋಡ ಕಣಕಣವಾಗಿ ಮಿನುಗುವುದು ಹಿಂದಿನಿಂದ ಬೆಳಕು ಬಿದ್ದಾಗ, ಅದರ ಹಿಂದೆ ಕಪ್ಪು ಕಂಬಳಿಯೋ ನೆರಳೋ ಇದ್ದಾಗ.

ಹುಣ್ಣಿಮೆಯ ಚಂದ್ರನ ಬಗ್ಗೆಯೂ ಇಲ್ಲೇ ಹೇಳಬೇಕು. ಮೈಲಾರದಲ್ಲಾಗಲಿ, ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಾಗಲಿ ಚಂದ್ರನೊಂದಿಗೆ ಗುಡಿಯ ಶಿಖರವೋ ಕೋಟೆಯೋ ಬೇಕೆಂದರೆ ಹುಣ್ಣಿಮೆಯ ಹಿಂದಿನ ದಿನ ಒಳ್ಳೆಯದು. ಹುಣ್ಣಿಮೆಯಂದು ಚಂದ್ರ ಹುಟ್ಟುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ, ನೆಲ ಬೇಗ ಕಪ್ಪಾಗುತ್ತದೆ. ಚತುರ್ದಶಿಯಂದು ಮುಕ್ಕಾಲು ತಾಸು ಮುಂಚೆಯೇ ಮೂಡುವುದರಿಂದ ಕಲ್ಲಿನ ಮೇಲೂ ಚಂದ್ರನ ಮೇಲೂ ಒಂದೇ ಅಳತೆಯ ಬೆಳಕಿರುತ್ತದೆ. ಚಂದ್ರ ದೊಡ್ಡದಾಗಿ ಕಾಣಲು ಗುಡಿಯಿಂದ ದೂರ ಸರಿದು ಉದ್ದ ಲೆನ್ಸ್ ಹಾಕಬೇಕು. 200 ಮಿ.ಮೀ. ಲೆನ್ಸ್ ಸೆನ್ಸರಿನ ಮೇಲೆ ಬರೆಯುವ ಚಂದ್ರನ ಅಗಲ 2 ಮಿ.ಮೀ.ಗಿಂತಲೂ ಕಡಿಮೆ.

ತೇರು

ಕೊಟ್ಟೂರಿನ ಗುರು ಕೊಟ್ಟೂರೇಶ್ವರನ ರಥ ಮಾಘ ಮಾಸದಲ್ಲಿ, ಮೂಲಾ ನಕ್ಷತ್ರದಲ್ಲಿ ಎಳೆಯುವಂಥದ್ದು. ತೇರಿನ ಎತ್ತರ ತೋರಿಸುವ ಹಂಬಲದಲ್ಲಿ ಬುಡದಲ್ಲಿ ನಿಂತು ವೈಡ್ ಲೆನ್ಸ್ ಮೇಲೆತ್ತಿದರೆ ತೇರು ಹಿಂದಕ್ಕೆ ವಾಲಿದಂತೆ ಬರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದರೆ ಕಳಸದ ಕಡೆ ಎಳೆದು ಹಿಗ್ಗಿಸಿದಂತಾಗುತ್ತದೆ. ಮಾಳಿಗೆಯೊಂದರ ಮೇಲಿನಿಂದ, ತೇರಿನ ಅರ್ಧ ಎತ್ತರದಲ್ಲಿ, 50ರಿಂದ 85 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ತೇರೂ ನೆಟ್ಟಗಿರುತ್ತದೆ, ಜನಸಾಗರವೂ ತುಂಬಿ ಬರುತ್ತದೆ. ಚಲನೆಯೇ ಕಾಣಬೇಕಾದರೆ ಕ್ಯಾಮೆರಾವನ್ನು ಗೋಡೆಗೆ ಒರಗಿಸಿ 1/15 ಸೆಕೆಂಡು ಕೊಡುವುದುಂಟು. ಮಿಣಿ ಎಳೆಯುವವರ ಕೈಗಳು, ಎಸೆದ ಬಾಳೆಹಣ್ಣು ಗೆರೆಗಳಾಗಿ, ನಿಂತ ಮುಖಗಳು ಸ್ಪಷ್ಟವಾಗಿ ಉಳಿಯುತ್ತವೆ. ಗಾಲಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಚಿತ್ರ ತೆಗೆಯುವ ಅಭ್ಯಾಸವನ್ನು ಮಾತ್ರ ಯಾರೂ ಮಾಡಬಾರದು. ವ್ಯೂಫೈಂಡರಿನೊಳಗೆ ಕಣ್ಣಿಟ್ಟವರಿಗೆ ಹಗ್ಗವೂ ಕಾಣದು, ಗಾಲಿಯ ದೂರವೂ ತಿಳಿಯದು.

ದೂಳು ಇಲ್ಲಿಯ ಎಲ್ಲ ಜಾತ್ರೆಗಳ ಸಂಗಾತಿ. ಬಯಲಿನಲ್ಲಿ ಲೆನ್ಸ್ ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಿಸಬೇಕು. ಸೆನ್ಸರಿಗೆ ಕೂತ ದೂಳು ಎಫ್/16ರಲ್ಲಿ ಆಕಾಶದ ಮೇಲೆ ಚುಕ್ಕೆಗಳಾಗಿ ಎದ್ದು ಕಾಣುತ್ತದೆ.

ಅಂಕಸಮುದ್ರ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಶತಮಾನಗಳ ಹಿಂದೆ ಬೇಸಾಯಕ್ಕೆಂದು ಕಟ್ಟಿದ ಊರ ಕೆರೆ. 98.76 ಹೆಕ್ಟೇರಿನ ಈ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿ ಕೊನೆಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಗಳ ಜೊತೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಪಟ್ಟಿಯ ದಾಖಲೆಯ ಪ್ರಕಾರ ಇಲ್ಲಿ 240 ಬಗೆಯ ಹಕ್ಕಿಗಳಿವೆ. 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡಿಗೋ ರಾತ್ರಿಯ ತಂಗುವಿಕೆಗೋ ಈ ಕೆರೆಯನ್ನು ನೆಚ್ಚಿವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆಯ ಬಿಳಿ ಕೆಂಬರಲುಗಳಿಗೆ ಇದು ಅಂತರರಾಷ್ಟ್ರೀಯ ಮಹತ್ವದ ತಾಣ.

ಎರಡೂ ಹಕ್ಕಿಗಳು ಬಹುತೇಕ ಬಿಳಿ, ಅವು ಕೂರುವ ಜಾಲಿಯ ಮರಗಳು ಕಪ್ಪು ಹಸಿರು. ಕತ್ತಲೆ ಎಲೆಗಳ ಮುಂದೆ ಚಿಕ್ಕದಾಗಿ ಕೂತ ಬಿಳಿ ಹಕ್ಕಿಯನ್ನು ಮೀಟರಿನ ಪಾಡಿಗೆ ಬಿಟ್ಟರೆ ಗರಿಗಳೆಲ್ಲ ಸುಟ್ಟ ಬಿಳಿಯಾಗುತ್ತವೆ, ಆಗ ಮುಕ್ಕಾಲು ಸ್ಟಾಪ್ ಕಡಿಮೆ ಮಾಡಬೇಕು. ಅದೇ ಹಕ್ಕಿ ಹಾರಿ ಬಿಳಿಚಿದ ಆಕಾಶದ ಎದುರು ಬಂದಾಗ ಒಂದು ಸ್ಟಾಪ್ ಹೆಚ್ಚು ಮಾಡಬೇಕು, ಇಲ್ಲದಿದ್ದರೆ ಹೊಟ್ಟೆಯ ಭಾಗ ಬೂದಿಯಾಗುತ್ತದೆ. ಮರದಿಂದ ಆಕಾಶಕ್ಕೆ ಹಕ್ಕಿ ಹಾರುವುದು ಒಂದು ಕ್ಷಣದಲ್ಲಿ. ಅಷ್ಟರಲ್ಲಿ ಗುಂಡಿ ತಿರುಗಿಸುವುದು ಸಾಧ್ಯವಿಲ್ಲ. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಎರಡೂ ಕಡೆ ಒಂದೇ. ಆದ್ದರಿಂದ ಬಿಳಿ ಗರಿಗೆ ಒಮ್ಮೆ ಸರಿಯಾಗಿ ಹೊಂದಿಸಿ ಮ್ಯಾನ್ಯುವಲ್‌ನಲ್ಲಿ ಬಿಟ್ಟರೆ ಹಿನ್ನೆಲೆ ಏನಾದರೂ ಹಕ್ಕಿ ಕೆಡುವುದಿಲ್ಲ. ಸೂರ್ಯ ಮೇಲೇರಿದಂತೆ ಹತ್ತು ನಿಮಿಷಕ್ಕೊಮ್ಮೆ ನೋಡಿಕೊಂಡರಾಯಿತು.

ಕೂತ ಹಕ್ಕಿಗೆ 1/500 ಸಾಲುತ್ತದೆ. ಕೊಕ್ಕರೆಯ ನಿಧಾನ ಹಾರಾಟಕ್ಕೆ 1/1250, ಬಾತುಗಳ ರಭಸಕ್ಕೆ 1/2000. ಫೋಕಸನ್ನು ಕಣ್ಣಿನ ಮೇಲಿಡಬೇಕು, ಹಕ್ಕಿಯ ಮುಂದೆ ಹಾರಲು ಜಾಗ ಬಿಡಬೇಕು. ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆದ ಚಿತ್ರಕ್ಕಿಂತ ನೀರಿನ ಮಟ್ಟಕ್ಕೆ ಕುಳಿತು ತೆಗೆದದ್ದು ಹೆಚ್ಚು ಜೀವಂತವಾಗಿರುತ್ತದೆ, ಹಿನ್ನೆಲೆಯೂ ದೂರವಾಗಿ ಮೃದುವಾಗುತ್ತದೆ.

ಬೆಳಿಗ್ಗೆ ಒಂಬತ್ತರ ನಂತರ ಇಲ್ಲಿ ಒಂದು ತೊಂದರೆ ಶುರುವಾಗುತ್ತದೆ. ಕಾದ ನೆಲದಿಂದ ಏಳುವ ಬಿಸಿಗಾಳಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಅಲೆಯಾಡುತ್ತದೆ. 600 ಮಿ.ಮೀ. ಲೆನ್ಸಿಗೆ ಅದು ಚೆನ್ನಾಗಿಯೇ ಕಾಣುತ್ತದೆ. ಫೋಕಸ್ ಸರಿಯಿದ್ದರೂ ಗರಿಗಳು ಕದಡಿದಂತೆ ಬರುತ್ತವೆ. ಹೊಸಬರು ಲೆನ್ಸನ್ನು ದೂರಿ ಸರ್ವಿಸಿಗೆ ಕಳಿಸುತ್ತಾರೆ. ತುಂಗಭದ್ರಾ ಹಿನ್ನೀರಿನ ಬಯಲಿನಲ್ಲೂ ಇದೇ ಕಥೆ. ಇದಕ್ಕೆ ಯಾವ ಸಾಫ್ಟ್‌ವೇರಿನಲ್ಲೂ ಔಷಧವಿಲ್ಲ. ಬೇಗ ಬರಬೇಕು, ಅಥವಾ ಹಕ್ಕಿಯೇ ಹತ್ತಿರ ಬರುವಂತೆ ಅಲುಗಾಡದೆ ಕೂರಬೇಕು.

ಹತ್ತಿರ ಹೋಗುವುದೇ ಪರಿಹಾರವೆಂದು ಗೂಡಿನ ಮರಗಳ ಬುಡಕ್ಕೆ ಹೋಗುವವರಿದ್ದಾರೆ. ಗೂಡಿನಿಂದ ತಾಯಿ ಎದ್ದು ಹೋದರೆ ಮೊಟ್ಟೆ ಮರಿಗಳು ಅದೇ ಬಿಸಿಲಿಗೆ ತೆರೆದುಕೊಳ್ಳುತ್ತವೆ. ಡ್ರೋನ್ ಹಾರಿಸಿದರೆ ಇಡೀ ಕಾಲೊನಿಯೇ ಎದ್ದೇಳುತ್ತದೆ. ಹಾಗೆ ಗಾಬರಿಯಿಂದ ಎದ್ದ ಸಾವಿರ ಹಕ್ಕಿಗಳ ಚಿತ್ರ ಎಷ್ಟು ಸುಂದರವಾಗಿದ್ದರೂ ತೆಗೆಯಬಾರದ ಚಿತ್ರ.

ಅಂಕಸಮುದ್ರದ್ದು ಬಿಳಿಯ ಕಷ್ಟವಾದರೆ, 2013ರಲ್ಲಿ ಕರಡಿಧಾಮವಾದ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯದು ಕಪ್ಪಿನ ಕಷ್ಟ. ಕರಡಿ ಬಂಡೆಯ ಮೇಲೆ ಹೊರಬರುವುದು ಸಂಜೆಗೆ, ಅದರ ಮೈ ಬೆಳಕನ್ನು ನುಂಗುವ ಕಪ್ಪು. ಕಂಬಳಿಗೆ ಹೇಳಿದ ನಿಯಮವೇ ಇಲ್ಲಿಯದೂ. ಮೂತಿಯ ಬಿಳಿಚು ಬಣ್ಣಕ್ಕೆ ಬೆಳಕು ಹೊಂದಿಸಿದರೆ ಕೂದಲಿನ ಅಂಚು ತಾನಾಗಿ ಮೂಡುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 28ನೇ ಕಲಮಿನಂತೆ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಅನುಮತಿ ಪಡೆಯಬೇಕು.

ಕಲ್ಲು ಮತ್ತು ಕತ್ತಲು

ಬಾಗಳಿಯ ಕಲ್ಲೇಶ್ವರ, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಗಳು ಬಳಪದ ಕಲ್ಲಿನವು. ಬಾಗಳಿಯ ತೆರೆದ ಮಂಟಪದಲ್ಲಿ ಸುಮಾರು ಐವತ್ತು ಕಂಬಗಳಿವೆ. ಕುರುವತ್ತಿಯ ಮದನಿಕೆಯರು ಚಾಲುಕ್ಯ ಶಿಲ್ಪದ ಅತ್ಯುತ್ತಮ ಮಾದರಿಗಳಲ್ಲಿ ಸೇರುತ್ತಾರೆ. ಈ ನುಣುಪು ಕಲ್ಲಿಗೆ ಎದುರಿನಿಂದ ಫ್ಲಾಶ್ ಹೊಡೆದರೆ ಶಿಲ್ಪಿ ಕೊರೆದ ಆಳವೆಲ್ಲ ಮಾಯವಾಗುತ್ತದೆ. ಶಿಲ್ಪ ಕಾಣುವುದು ನೆರಳಿನಿಂದ, ನೆರಳು ಹುಟ್ಟುವುದು ಓರೆ ಬೆಳಕಿನಿಂದ. ಇದಕ್ಕೂ ಋತುವಿನ ಲೆಕ್ಕವಿದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೆ ಹುಟ್ಟುವುದರಿಂದ ಉತ್ತರದ ಗೋಡೆಗೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಸಿಗುತ್ತದೆ. ಉಳಿದ ಆರು ತಿಂಗಳು ಆ ಗೋಡೆ ನೆರಳಿನಲ್ಲೇ ಇರುತ್ತದೆ, ದಕ್ಷಿಣದ ಗೋಡೆಗೆ ಬೆಳಕಿನ ಸುಗ್ಗಿ. ಒಂದೇ ದಿನದಲ್ಲಿ ಇಡೀ ಗುಡಿಯನ್ನು ಚೆನ್ನಾಗಿ ಚಿತ್ರೀಕರಿಸುತ್ತೇನೆ ಎನ್ನುವುದು ಆಗದ ಮಾತು.

ಮಂಟಪದೊಳಗೆ ನಿಂತಾಗ ಕಂಬಗಳು ಕತ್ತಲಲ್ಲಿ, ಹೊರಗಿನ ಅಂಗಳ ಉರಿಬಿಸಿಲಿನಲ್ಲಿ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಮೂರು ಬೇರೆ ಬೆಳಕಿನ ಚಿತ್ರ ತೆಗೆದು ಕೂಡಿಸುವ ಎಚ್‌ಡಿಆರ್ ವಿಧಾನವಿದೆ, ಮೊಬೈಲುಗಳು ಇದನ್ನು ತಾವಾಗಿಯೇ ಮಾಡುತ್ತವೆ. ಮಿತಿಮೀರಿದರೆ ನೆರಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಗುಡಿಯೊಳಗಿನ ತಂಪು ಕತ್ತಲೆಯೇ ಚಿತ್ರದಿಂದ ಹೊರಟುಹೋಗುತ್ತದೆ. ಒಳಗೆ ಕತ್ತಲಿರುವುದು ಗುಡಿಯ ಗುಣ, ಅದು ಚಿತ್ರದಲ್ಲೂ ಇರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುತ್ತದೆ. ಕೈಯಲ್ಲೇ ಹಿಡಿಯುವುದಾದರೆ ಶಟರ್ ವೇಗ ಲೆನ್ಸಿನ ಮಿ.ಮೀ. ಸಂಖ್ಯೆಯಷ್ಟನೇ ಒಂದು ಭಾಗ ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಂಡು, ಕಂಬಕ್ಕೆ ಭುಜ ಆನಿಸಿ ಉಸಿರು ಬಿಟ್ಟ ಮೇಲೆ ಗುಂಡಿ ಒತ್ತಬೇಕು. ಪೂಜೆ ನಡೆಯುವ ಗರ್ಭಗುಡಿಯ ಚಿತ್ರಕ್ಕೆ ಅರ್ಚಕರ ಒಪ್ಪಿಗೆ ಪಡೆಯುವುದು ರೂಢಿ.

ಶಾಸನ ಮತ್ತು ವೀರಗಲ್ಲುಗಳಿಗೆ ಬೇರೆಯದೇ ಉಪಾಯ. ಊರ ಮುಂದಿನ ಸವೆದ ಶಾಸನ ಹಗಲಿನಲ್ಲಿ ಓದಲು ಬರುವುದಿಲ್ಲ. ಕತ್ತಲಾದ ಮೇಲೆ ಒಬ್ಬರು ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಮಾಸಿದ ಅಕ್ಷರಗಳೂ ಎದ್ದು ನಿಲ್ಲುತ್ತವೆ. ಕ್ಯಾಮೆರಾವನ್ನು ಅಲುಗಿಸದೆ, ಎಡ, ಬಲ, ಮೇಲು, ಕೆಳಗು ನಾಲ್ಕು ದಿಕ್ಕಿನಿಂದಲೂ ಬೆಳಕು ಕೊಟ್ಟು ಒಂದೊಂದು ಚಿತ್ರ ತೆಗೆಯಬೇಕು. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್‌ನಲ್ಲಿ ದಾಖಲಿಸುತ್ತಿದೆ. ಆ ಯಂತ್ರ ತಲುಪದ ಹಳ್ಳಿಗಳಲ್ಲಿ ಒಂದು ಟಾರ್ಚು, ಒಂದು ಮೊಬೈಲು ಸಾಕಷ್ಟು ಕೆಲಸ ಮಾಡಬಲ್ಲವು. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣ, ಎಣ್ಣೆ, ಬಣ್ಣ ಬಳಿಯುವುದು ಬೇಡ.

ಸಂಸ್ಕರಣೆ

ಊರಿನ ಸ್ಟುಡಿಯೋಗಳಿಗೆ ‘ಟಚಪ್’ ಹೊಸದಲ್ಲ. ಫಿಲ್ಮ್ ಕಾಲದಲ್ಲಿ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಸುಕ್ಕು, ಕಲೆ ಮುಚ್ಚುತ್ತಿದ್ದರು. ಡಾರ್ಕ್‌ರೂಮಿನಲ್ಲಿ ಕೈಯಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸಿ ಇನ್ನೊಂದನ್ನು ಗಾಢಗೊಳಿಸುತ್ತಿದ್ದರು. 1990ರಲ್ಲಿ ಬಂದ ಫೋಟೊಶಾಪ್ ಇದೇ ಕೆಲಸಗಳನ್ನು ಕಂಪ್ಯೂಟರಿಗೆ ತಂದಿತು. ಈಗ ಲೈಟ್‌ರೂಮ್, ಮೊಬೈಲಿನ ಸ್ನ್ಯಾಪ್‌ಸೀಡ್, ಹಣ ಕೊಡಬೇಕಿಲ್ಲದ ಗಿಂಪ್, ಡಾರ್ಕ್‌ಟೇಬಲ್ ಎಲ್ಲವೂ ಸಿಗುತ್ತವೆ. ಕಲಿಯುವವರಿಗೆ ಡಾರ್ಕ್‌ಟೇಬಲ್ ಕೂಡ ಏನೂ ಕಡಿಮೆಯದಲ್ಲ.

ತಿದ್ದಲು ಅವಕಾಶ ಬೇಕೆಂದರೆ ರಾ ಫೈಲಿನಲ್ಲಿ ತೆಗೆಯಬೇಕು. ಜೆಪೆಗ್ ಪ್ರತಿ ಬಣ್ಣಕ್ಕೂ 256 ಮೆಟ್ಟಿಲುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 14 ಬಿಟ್ಟಿನ ರಾ ಫೈಲಿನಲ್ಲಿ 16,384 ಮೆಟ್ಟಿಲುಗಳಿರುತ್ತವೆ. ಕಂಬಳಿಯ ಕಪ್ಪಿನಿಂದ ನೇಯ್ಗೆಯನ್ನು, ಕೊಕ್ಕರೆಯ ಬಿಳಿಯಿಂದ ಗರಿಯನ್ನು ಮರಳಿ ಪಡೆಯಲು ಸಾಧ್ಯವಾಗುವುದು ಈ ಹೆಚ್ಚುವರಿಯಿಂದ.

ಮೊದಲು ಅಡ್ಡಗೆರೆ ನೇರ ಮಾಡಿ ಬೇಡದ್ದನ್ನು ಕತ್ತರಿಸುವುದು, ಆಮೇಲೆ ವೈಟ್ ಬ್ಯಾಲೆನ್ಸ್, ಆಮೇಲೆ ಬೆಳಕು ನೆರಳು, ಬಣ್ಣ, ಕೊನೆಗೆ ಹರಿತ ಎಂಬ ಕ್ರಮ ಒಳ್ಳೆಯದು. ಹಗಲಿನ ಬಿಸಿಲು ಸುಮಾರು 5500 ಕೆಲ್ವಿನ್, ನೆರಳು 7000ದ ಆಸುಪಾಸು, ಎಣ್ಣೆ ದೀಪ 2000ಕ್ಕೂ ಕಡಿಮೆ. ದೀಪದ ಬೆಳಕನ್ನು ಪೂರ್ತಿ ಬಿಳಿ ಮಾಡಿದರೆ ದೀಪವೇ ಇಲ್ಲದಂತಾಗುತ್ತದೆ, ಅರ್ಧ ತಿದ್ದಿ ಬಿಡಬೇಕು. ಭಂಡಾರದ ಚಿತ್ರದಲ್ಲಿ ಸ್ಯಾಚುರೇಶನ್ ಏರಿಸಬೇಡಿ. ಹಳದಿಯ ಹೊಳಪನ್ನು ಮಾತ್ರ ಸ್ವಲ್ಪ ಇಳಿಸಿದರೆ ಪುಡಿಯ ಪದರಗಳು ಕಾಣುತ್ತವೆ. ಉಚ್ಚಂಗಿದುರ್ಗದ ಮೇಲಿನಿಂದ ತೆಗೆದ ಬಯಲಿನ ಚಿತ್ರಕ್ಕೆ ಮಂಜು ತೆಗೆಯುವ ಡಿಹೇಜ್ ಪಟ್ಟಿ ಉಪಯುಕ್ತ, ಆದರೆ ತುದಿಯವರೆಗೆ ಎಳೆದರೆ ದೂರ ಎಂಬುದೇ ಅಳಿಸಿಹೋಗುತ್ತದೆ. ಹರಿತ ಮಾಡುವುದು ಕೊನೆಗೆ, ಚಿತ್ರ ಎಷ್ಟು ದೊಡ್ಡದಾಗಿ ಎಲ್ಲಿ ಕಾಣಬೇಕು ಎಂದು ಗೊತ್ತಾದ ಮೇಲೆ.

ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಮೊಗ್ಗಿನ ಚಿತ್ರ ಸಂಸ್ಕರಣೆಯಲ್ಲಿ ಎಚ್ಚರ ಕಲಿಯಲು ಒಳ್ಳೆಯ ಪಾಠ. ಮಲ್ಲಿಗೆಯ ಬಿಳಿ ನೀಲಿಗೆ ತಿರುಗಿದರೆ ಪ್ಲಾಸ್ಟಿಕ್ ಹೂವಾಗುತ್ತದೆ, ಹಳದಿಗೆ ತಿರುಗಿದರೆ ಬಾಡಿದ ಹೂವು.

ಮದುವೆ ಮತ್ತು ಪಾಸ್‌ಪೋರ್ಟ್ ಚಿತ್ರಗಳಲ್ಲಿ ಎಣ್ಣೆಗೆಂಪು, ಕಪ್ಪು ಮೈಬಣ್ಣದವರನ್ನು ಬೆಳ್ಳಗೆ ಮಾಡಿಕೊಡುವ ಪದ್ಧತಿ ಬೇರೂರಿದೆ, ಮೊಬೈಲಿನ ಬ್ಯೂಟಿ ಫಿಲ್ಟರ್ ಅದನ್ನು ಇನ್ನೂ ಸುಲಭಗೊಳಿಸಿದೆ. ಇದನ್ನು ಬಿಡಬೇಕು. ಬಿಸಿಲಿನಲ್ಲಿ ದುಡಿದ ಮೈಯ ಬಣ್ಣದಲ್ಲಿ ಹಣೆ, ಕೆನ್ನೆ, ಕುತ್ತಿಗೆಗಳಿಗೆ ಬೇರೆಬೇರೆ ಛಾಯೆಗಳಿರುತ್ತವೆ. ಬಿಳಿ ಬಳಿದಾಗ ಅವೆಲ್ಲ ಹೋಗಿ ಮುಖ ಯಾರದೋ ಆಗುತ್ತದೆ. ಮೊಮ್ಮಕ್ಕಳು ನೋಡುವುದು ಅದೇ ಆಲ್ಬಮನ್ನು. ಕಪ್ಪು ಮೈಬಣ್ಣ ಚೆಂದವಾಗಿ ಬರಲು ಬೇಕಾದದ್ದು ಪಕ್ಕದ ಮೃದು ಬೆಳಕು, ಚರ್ಮದ ಮೇಲೆ ಒಂದು ಸಣ್ಣ ಹೊಳಪು, ತೀರಾ ಬಿಳಿಯಲ್ಲದ ಹಿನ್ನೆಲೆ.

ಇನ್ನೊಂದು ಗಡಿಯೂ ಇದೆ. ದೂಳಿನ ಚುಕ್ಕೆ ಅಳಿಸುವುದು, ಬೆಳಕು ಹೊಂದಿಸುವುದು ಸಂಸ್ಕರಣೆ. ಇಲ್ಲದ ಹಕ್ಕಿ ಸೇರಿಸುವುದು, ಬೇರೆಡೆಯ ಆಕಾಶ ತಂದು ಹಾಕುವುದು ಸುಳ್ಳು. ಸುಳ್ಳು ತಿದ್ದುವಾಗ ಸೇರಲಿ, ತೆಗೆಯುವಾಗ ಸೇರಲಿ, ಸ್ಪರ್ಧೆಗಳು ಈ ವಿಷಯದಲ್ಲಿ ಬಿಗಿಯಾಗಿವೆ. ಲಂಡನ್ನಿನ ವೈಲ್ಡ್‌ಲೈಫ್ ಫೋಟೊಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರಲ್ಲಿ ಗೆದ್ದ ತೋಳದ ಚಿತ್ರವನ್ನು, ತೋಳ ಸಾಕಿದ್ದಿರಬೇಕೆಂದು ತೀರ್ಪುಗಾರರು ನಿರ್ಣಯಿಸಿ, 2010ರ ಜನವರಿಯಲ್ಲಿ ಅನರ್ಹಗೊಳಿಸಿದರು. ಗುಡಿಯ ದಾಖಲೆಗೆ ತೆಗೆದ ಚಿತ್ರದಲ್ಲಿ ವಿದ್ಯುತ್ ತಂತಿ, ಹೊಸ ಟೈಲ್ಸ್, ಕಬ್ಬಿಣದ ಗೇಟು ಕಂಡರೆ ಅವೂ ಉಳಿಯಬೇಕು. ಮುಂದೆ ಯಾರಾದರೂ ಗೋಲಿಂಗ್ಸ್ ಅವರಂತೆ ಹಳೆಯ ಚಿತ್ರ ಹಿಡಿದು ಬಂದಾಗ ಅವರಿಗೆ ಬೇಕಾಗುವುದು ಆ ವಿವರಗಳೇ.

ದಾಖಲೆಯ ವಿಷಯದಲ್ಲಿ ಊರಿನ ಹೆಸರಿನಷ್ಟೇ ತಾಲ್ಲೂಕು, ಜಿಲ್ಲೆ, ತಾರೀಖುಗಳನ್ನೂ ಫೈಲಿನೊಳಗೇ ಬರೆದಿಡುವುದು ಇಲ್ಲಿ ಮುಖ್ಯ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯದಾಯಿತು. ಕೊಟ್ಟೂರು ತಾಲ್ಲೂಕಾಗುವ ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಹೀಗಾಗಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಒಂದೇ ಕಂಬದ ಚಿತ್ರಗಳು ಮದ್ರಾಸ್ ಪ್ರಾಂತ್ಯ, ಬಳ್ಳಾರಿ, ದಾವಣಗೆರೆ, ವಿಜಯನಗರ ಎಂಬ ನಾಲ್ಕು ತಲೆಬರಹಗಳಡಿ ಹಂಚಿಹೋಗಿರುತ್ತವೆ. ಹುಡುಕುವವರು ನಾಲ್ಕನ್ನೂ ನೋಡಬೇಕು.